ದೊಡ್ಡ ದೊರೆ ಪಾಲು ಹಾಕಿದ ಮಳೆಗಾಲ

ಅಥವಾ ಆ ವರ್ಷ ನಮ್ಮ ಕಡೆ ಮಳೆಯೇ ಆಗಿರಲಿಲ್ಲವೇನೋ. ನನ್ನ ನೆನಪಿನಲ್ಲಿ ಎಲ್ಲವೂ ಒದ್ದೆಯಾಗಿದೆ: ಬಂಗಲೆಯ ಹೆಂಚು, ಎತ್ತಿನ ಬೆನ್ನು, ದೊಡ್ಡ ದೊರೆಯ ಟೋಪಿಯ ಅಂಚು, ನನ್ನ ಕೊಡೆ. ಆದರೆ ಕಪಿಲೆಯ ದಡದಲ್ಲಿ ಹುಟ್ಟಿದವರಿಗೆ ಗೊತ್ತು, ಹೊಳೆ ಏರುವುದಕ್ಕೆ ಇಲ್ಲಿ ಮಳೆ ಬೀಳಬೇಕಾಗಿಲ್ಲ. ವಯನಾಡಿನ ಬೆಟ್ಟದಲ್ಲಿ ಬಿದ್ದರೆ ಸಾಕು. ಇಲ್ಲಿ ಸುಡುಬಿಸಿಲಿರುವಾಗಲೇ ಕೆಂಪು ನೀರು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತದೆ. ಆದ್ದರಿಂದ ನಾನು ಕಂಡದ್ದು ಹೊಳೆಯನ್ನೋ ಮಳೆಯನ್ನೋ ಈಗ ಹೇಳಲಾರೆ. ಕೊಡೆ ಬಿಸಿಲಿಗೆ ಹಿಡಿದದ್ದೂ ಇರಬಹುದು.

ಹೋದ ತಿಂಗಳು ತಿರುಮಕೂಡಲು ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಮಡಿಲಲ್ಲಿ ಎರಡು ಚಿಪ್ಪು ರಸಬಾಳೆ ಇಟ್ಟುಕೊಂಡಿದ್ದರು. ಹಣ್ಣಾಗಿ ಎರಡು ದಿನ ಕಳೆದಿರಬೇಕು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಬ್ಬ ಇಂಗ್ಲಿಷ್ ಮನುಷ್ಯ ಕಂಬಳಿಯ ಮೇಲೆ ಮಂಡಿಯೂರಿ ತನ್ನ ತಂದೆಯ ಸಾಮಾನನ್ನು ಎರಡು ಮೊರಗಳಿಗೆ ಹಂಚುತ್ತಿದ್ದದ್ದು ಕಣ್ಣೆದುರು ಬಂತು. ಅದನ್ನು ನಾನು ಕಂಡಿದ್ದೇನೆ, ಅಷ್ಟು ಖಂಡಿತ. ಉಳಿದದ್ದನ್ನು ನಲವತ್ತು ವರ್ಷದಿಂದ ಮನೆಯವರಿಗೆ, ಸ್ನೇಹಿತರಿಗೆ ಹೇಳಿ ಹೇಳಿ ನುಣುಪು ಮಾಡಿಬಿಟ್ಟಿದ್ದೇನೆ. ಎಲ್ಲಿ ಮಾತು ತೀರ ಸಲೀಸಾಗಿ ಹರಿಯುತ್ತದೋ ಅಲ್ಲಿ ನನ್ನನ್ನು ನಂಬಬೇಡಿ.

ನಾನು ಕಳಲೆಯವನು. ಆಗ ಇಪ್ಪತ್ತಮೂರು ವರ್ಷ. ನಂಜನಗೂಡಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ದಕ್ಷಿಣ ಆಫ್ರಿಕದ ಯುದ್ಧ ಮುಗಿದು ಎರಡು ವರ್ಷವಾಗಿತ್ತೋ ಮೂರಾಗಿತ್ತೋ. ಪ್ಲೇಗು ಬಂದು ಜನ ಊರಾಚೆ ಗುಡಿಸಲು ಹಾಕಿಕೊಂಡಿದ್ದರು, ಶಾಲೆ ಮುಚ್ಚಿತ್ತು. ಅಮಲ್ದಾರರು ನನ್ನನ್ನು ಕರೆಸಿದರು.

"ಇಂಗ್ಲೆಂಡಿನಿಂದ ಒಬ್ಬ ದೊಡ್ಡ ಮನುಷ್ಯರು ಬರ್ತಾ ಇದಾರೆ, ಮೇಷ್ಟ್ರೇ. ಮೊನ್ನೆ ಮೊನ್ನೆವರೆಗೂ ಪಾರ್ಲಿಮೆಂಟಿನ ಮೆಂಬರಂತೆ. ನರಸೀಪುರದ ಬಂಗಲೇಲಿ ಇರ್ತಾರೆ. ಅವರ ತಮ್ಮ ಅಲ್ಲೇ ಇದಾನಲ್ಲ, ಬಾಳೆ ತೋಟದ ದೊರೆ, ಅವನ ವಿಷಯ. ನೀವು ಜೊತೇಲಿರಿ. ಅವರಂದದ್ದು ಇವರಿಗೆ ಹೇಳಿ, ಇವರಂದದ್ದು ಅವರಿಗೆ ಹೇಳಿ. ಮಧ್ಯೆ ನಿಮ್ಮದು ಅಂತ ಒಂದು ಮಾತೂ ಸೇರಿಸಕೂಡದು."

ಕೊನೆಯ ವಾಕ್ಯವನ್ನು ಅವರು ನಿಜವಾಗಿ ಹೇಳಿದರೇ, ಅಥವಾ ಮುಂದೆ ಆದದ್ದಕ್ಕೆ ಒಂದು ನೆಪ ಬೇಕಾಗಿ ನಾನೇ ಅವರ ಬಾಯಲ್ಲಿ ಇಟ್ಟೆನೇ? ಹೇಳಿದರೆಂದೇ ಇಟ್ಟುಕೊಳ್ಳೋಣ.

ರೈಲಿನಿಂದ ಇಳಿದವರು ಉದ್ದನೆಯ, ಸ್ವಲ್ಪ ಬೆನ್ನು ಬಾಗಿದ, ಐವತ್ತೈದರ ಮನುಷ್ಯ. ಹೆಸರು ಎಡ್ಮಂಡ್ ಥಾರ್ನ್‌ಬಿ. ತೋಳಿಗೆ ಕಪ್ಪು ಪಟ್ಟಿ, ಜೊತೆಗೆ ಒಂದು ಕಬ್ಬಿಣದ ಟ್ರಂಕು. ನಾನು ಕಲಿತು ತಂದಿದ್ದ ಸ್ವಾಗತದ ಮಾತನ್ನು ತಲೆಯಾಡಿಸಿ ಕೇಳಿ, ನೇರವಾಗಿ ಗಾಡಿಯ ಎತ್ತಿನ ಹತ್ತಿರ ಹೋದರು. ಮೂಗುದಾರ ಹಿಡಿದು, ತುಟಿ ಎತ್ತಿ, ಹಲ್ಲು ನೋಡಿದರು.

"ಇದಕ್ಕೆ ಏಳು ವರ್ಷ. ಮಾರಿದವನು ಐದು ಅಂತ ಹೇಳಿದನೇ?"

ನಾನು ಕನ್ನಡದಲ್ಲಿ ಹೇಳಿದೆ. ಗಾಡಿಯವನು ಬಾಯಿ ಮೇಲೆ ಕೈಯಿಟ್ಟ. "ಅಯ್ಯೋ ನನ್ನಪ್ಪ. ಚಿಕ್ಕಯ್ಯನಛತ್ರದೋನು ನಂಗೆ ಹಂಗೇ ಟೋಪಿ ಹಾಕ್ದ, ಸಾ. ಈ ಸ್ವಾಮಿ ಅವತ್ತೇ ಬರ್ಬಾರ್ದಾಗಿತ್ತಾ?" ಸುದ್ದಿ ನಮಗಿಂತ ಮುಂಚೆ ನರಸೀಪುರ ಸೇರಿತು: ಬಂದಿರುವ ದೊಡ್ಡ ದೊರೆ ಬೇಸಾಯಗಾರ.

ತಮ್ಮನನ್ನು ಜನ ಆಗಲೇ ಸಣ್ಣ ದೊರೆ ಎಂದು ಕರೆಯುತ್ತಿದ್ದರು. ಆರ್ಥರ್ ಎಂದು ಹೆಸರು, ನಲವತ್ತರ ಆಸುಪಾಸು. ಹೊಳೆಯ ನೀರಿನ ಏರಿಳಿತ ಅಳೆಯುವ ಕೆಲಸಕ್ಕೆ ಬಂದವನು ಚಳಿಜ್ವರದಲ್ಲಿ ಮಲಗಿದಾಗ ಎದುರು ದಡದ ಅಂಬಿಗರ ಕೇರಿಯವರು ನೋಡಿಕೊಂಡಿದ್ದರು. ಅಲ್ಲಿ ಕೆಂಪಮ್ಮ ಎಂಬ ವಿಧವೆ ಗಂಜಿ ಕಾಯಿಸಿ ಕೊಟ್ಟಳು. ಮೇಲೆದ್ದವನು ಕೇರಿಯ ಯಜಮಾನರನ್ನು ಕೇಳಿ, ವಿಧವೆಯರ ಮರುಮದುವೆಗೆ ಅವರಲ್ಲಿ ಇರುವ ಕೂಡಿಕೆಯ ಕ್ರಮದಲ್ಲಿ ಅವಳನ್ನು ಮದುವೆಯಾದ, ಕೆಲಸ ಬಿಟ್ಟ, ದಡದ ಮೇಲೆ ರಸಬಾಳೆ ಹಾಕಿದ. ನಾಲ್ಕು ವರ್ಷದ ಮಗಳಿದ್ದಳು, ಗೌರಿ.

ನಾವು ಮುಟ್ಟಿದ ದಿನ ಹೊಳೆ ತುಂಬಿ ಹರಿಗೋಲು ನಿಂತಿತ್ತು. ಈ ಕಡೆ ಬಂಗಲೆ, ಆ ಕಡೆ ತೋಟ. ಮೂರು ದಿನ ಅಣ್ಣ ತಮ್ಮ ಎರಡು ದಡಗಳಲ್ಲಿ ನಿಂತರು. ಬೆಳಗ್ಗೆ ಹತ್ತರ ಹೊತ್ತಿಗೆ ದೊಡ್ಡ ದೊರೆ ಮೆಟ್ಟಿಲಿಳಿದು ಟೋಪಿ ಎತ್ತುವರು. ಆ ಕಡೆಯಿಂದ ತಲೆಗೆ ವಸ್ತ್ರ ಸುತ್ತಿದ ಒಬ್ಬ ಮನುಷ್ಯ ಸುತ್ತು ಬಿಚ್ಚಿ ಬೀಸುವನು. ಕೂಗಿದರೆ ಕೇಳದಷ್ಟು ದೂರ. ಹದಿನೈದು ವರ್ಷ ಒಬ್ಬರಿಗೊಬ್ಬರು ಕಾಗದ ಬರೆಯದವರು ಅವರು.

ಆ ಮೂರು ದಿನ, ಮತ್ತು ಆಮೇಲೆಯೂ, ಜಗಲಿಯ ಮೇಲೆ ದೊಡ್ಡ ದೊರೆ ನನ್ನೊಡನೆ ಮಾತಾಡಿದರು. ಮಾತಾಡಲು ಬೇರೆ ಯಾರೂ ಇರಲಿಲ್ಲ. ಅವರ ಮನೆತನಕ್ಕೆ ಅವರ ಊರಿನ ಸುತ್ತ ಹನ್ನೊಂದು ಹಳ್ಳಿಯ ಭೂಮಿ. ಅಜ್ಜ, ತಂದೆ, ಇವರು, ಮೂವರೂ ಒಂದೇ ಜಾಗದಿಂದ ಪಾರ್ಲಿಮೆಂಟಿಗೆ ಹೋದವರು. "ಹದಿನೆಂಟು ವರ್ಷ ಕೂತಿದ್ದೆ, ಮಾಸ್ಟರ್. ಎದ್ದು ಮಾತಾಡಿದ್ದು ನಾಲ್ಕು ಸಲ. ಅದರಲ್ಲಿ ಎರಡು ಸಲ ನಮ್ಮ ಹಳ್ಳದ ಸೇತುವೆಯ ವಿಚಾರ." ಸೇತುವೆ ಆಯಿತೇ ಎಂದು ಕೇಳಿದೆ. "ಆಯಿತು. ನಾನು ಸೋತ ಮೇಲೆ, ನನ್ನನ್ನು ಸೋಲಿಸಿದವನು ಕಟ್ಟಿಸಿದ. ಒಳ್ಳೆಯ ಸೇತುವೆ." ಗೆದ್ದವನು ಉಣ್ಣೆ ಗಿರಣಿಯ ಯಜಮಾನನಂತೆ. ಚುನಾವಣೆಯಲ್ಲಿ ಒಂದು ಬಂಡಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದಾಗ ಯಾರೋ ಕೊಳೆತ ಟರ್ನಿಪ್ ಗೆಡ್ಡೆ ಎಸೆದರು. ಎಸೆದವನು ತಮ್ಮದೇ ಒಕ್ಕಲಿನ ಮಗ. ಅವನು ಹುಟ್ಟಿದಾಗ ಇವರ ಹೆಂಡತಿ ತೊಟ್ಟಿಲು ಕಳಿಸಿದ್ದರು. ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಗೆಡ್ಡೆ ಕೊಳೆಯುವ ರೋಗಕ್ಕೆ ಸುಣ್ಣ ಹಾಕಬೇಕೆಂದು ಆ ಒಕ್ಕಲಿಗೆ ತಾವು ಮೊದಲೇ ಹೇಳಿದ್ದೆವೆಂದರು.

ಒಬ್ಬನೇ ಮಗ ಯುದ್ಧಕ್ಕೆ ಹೋಗಿ, ಯುದ್ಧದಲ್ಲಲ್ಲ, ಪಾಳೆಯದಲ್ಲಿ ಹಬ್ಬಿದ ಜ್ವರದಲ್ಲಿ ಸತ್ತ. ತಂತಿ ಬಂದಾಗ ಇವರು ಪಾರ್ಲಿಮೆಂಟಿನಲ್ಲಿದ್ದರು, ಮತ ಹಾಕಲು ಕರೆಯುವ ಗಂಟೆ ಹೊಡೆದಿತ್ತು. "ಜೇಬಿನಲ್ಲಿಟ್ಟುಕೊಂಡು ಹೋಗಿ ಮತ ಹಾಕಿದೆ. ಬಂದು ಒಡೆದೆ. ಏನಿರುತ್ತದೆಂದು ಗೊತ್ತಿತ್ತು. ಯಾವ ಮಸೂದೆಗೆ ಹಾಕಿದೆನೆಂಬುದು ಮಾತ್ರ ಈಗ ನೆನಪಿಲ್ಲ." ಮುಂದಿನ ಚಳಿಗಾಲದಲ್ಲಿ ಹೆಂಡತಿಯೂ ತೀರಿಕೊಂಡರು. ಇನ್ನು ಮನೆಗೆ ಉಳಿದವನು ಈ ತಮ್ಮ. ತಮ್ಮ ಬರದಿದ್ದರೆ ಎಲ್ಲವೂ ದೂರದ ದಾಯಾದಿಯೊಬ್ಬನಿಗೆ. ಅವನು ಕಾಡು ಕಡಿದು ಹಾಕಿ ಒಕ್ಕಲುಗಳನ್ನು ಎಬ್ಬಿಸುತ್ತಾನೆ. ಅದಕ್ಕೆ ಬಂದದ್ದು ಅವರು, ಅಷ್ಟು ದೂರ, ಆ ವಯಸ್ಸಿನಲ್ಲಿ: ತಮ್ಮನನ್ನು ಕರೆದುಕೊಂಡು ಹೋಗಲು.

ನಾಲ್ಕನೆಯ ದಿನ ಹರಿಗೋಲು ಬಿಟ್ಟರು. ಮೊದಲು ದಾಟಿ ಬಂದವನು ಕೆಂಪಮ್ಮನ ತಮ್ಮ ನಿಂಗಯ್ಯ, ಹೆಗಲ ಮೇಲೆ ಒಂದು ಗೊನೆ ಹಣ್ಣು. ಇಪ್ಪತ್ತೆಂಟರ ಗಟ್ಟಿಮುಟ್ಟು ಆಳು, ನಾಲಿಗೆಗೆ ಬಿಡುವಿಲ್ಲ.

"ಬಾವ ಕಳ್ಸವ್ರೆ. ದೊಡ್ಡ ಬಾವಂಗೊಂದು ಚಿಪ್ಪು, ಮೇಷ್ಟ್ರುಗೊಂದು ಚಿಪ್ಪು." ನಾನು ಹಿಂಜರಿದದ್ದು ಅವನಿಗೆ ಕಂಡಿತು. ಅವರ ಮನೆಯ ನೀರು ಕುಡಿಯುವವನಲ್ಲ ನಾನು, ಆ ಕಾಲದಲ್ಲಿ. "ತಿನ್ನಿ ಮೇಷ್ಟ್ರೇ. ಸಿಪ್ಪೆ ನಾವು ಮುಟ್ಟಿದ್ದು, ಒಳಗಿಂದು ದೇವ್ರು ಮುಟ್ಟಿದ್ದು. ಸುಲ್ಕಂಡ್ರೆ ನಿಮ್ಮ ಜಾತಿ ನಿಮ್ತಾವೇ ಇರ್ತದೆ."

ನಾನು ತಿಂದೆ. ನಾಚಿಕೆಯಾಯಿತು ಎಂದು ಬರೆಯಬೇಕೆನ್ನಿಸುತ್ತದೆ. ಆಗ ಆಗಿತ್ತೋ ಇಲ್ಲವೋ.

ಅಣ್ಣ ತಮ್ಮ ಎದುರಾದಾಗ ಇಬ್ಬರೂ ಕೈ ಕುಲುಕಿ ಹವೆಯ ವಿಚಾರ ಮಾತಾಡಿದರು. ಆಮೇಲೆ ತೋಟ ನೋಡಿದರು. ಅವರ ನಡುವಿನ ಹಳೆಯ ಗಾಯ ಯಾವುದೆಂದು ನನಗೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ತಂದೆ ಸತ್ತ ವಾರವೇ ತಾನು ಮನೆ ಬಿಟ್ಟಾಗ ಅಣ್ಣ ರೈಲು ನಿಲ್ದಾಣಕ್ಕೂ ಬರಲಿಲ್ಲ ಎಂದು ತಮ್ಮ ಹೇಳಿದ. ತಾವು ಹೋಗಿದ್ದೆವು, ಮಳೆಯಲ್ಲಿ ಪ್ಲಾಟ್‌ಫಾರಮಿನ ತುದಿಯಲ್ಲಿ ನಿಂತಿದ್ದೆವು, ಅವನು ಯಾವ ಡಬ್ಬಿಯಲ್ಲಿದ್ದನೋ ಕಾಣಲಿಲ್ಲ ಎಂದು ಅಣ್ಣ ಹೇಳಿದರು. ಇಬ್ಬರ ಮುಖವೂ ನಿಜ ಹೇಳುವವರ ಮುಖವೇ ಆಗಿತ್ತು.

ಬಂದ ಹೊಸತರಲ್ಲಿ ದೊಡ್ಡ ದೊರೆಯ ಮನಸ್ಸಿನಲ್ಲಿ ತಮ್ಮನೊಬ್ಬನನ್ನು ಕರೆದೊಯ್ದು, ಹೆಂಡತಿ ಮಗುವಿಗೆ ಇಲ್ಲೇ ಏನಾದರೂ ಏರ್ಪಾಡು ಮಾಡುವ ಯೋಚನೆ ಇತ್ತು. ಹಾಗೆಂದು ನನಗೆ ಹೇಳಿದ್ದರು. ಅದನ್ನು ಆ ಕಡೆಗೆ ಹೇಳುವ ದಿನ ಮುಂದೂಡುತ್ತ ಹೋದರು. ಅಷ್ಟರಲ್ಲಿ ಗೌರಿ ಅವರ ಕೋಲು ಕಸಿದುಕೊಂಡು ಕುದುರೆ ಮಾಡಿಕೊಂಡಿದ್ದಳು. ಕೆಂಪಮ್ಮ ಅವರಿಗೆ ರಾಗಿ ಅಂಬಲಿ ಕೊಟ್ಟು, ಕುಡಿಯುವವರೆಗೆ ಎದುರಿಗೆ ನಿಂತಿದ್ದಳು. ಒಂದು ಮಧ್ಯಾಹ್ನ ಜಗಲಿಯಲ್ಲಿ ಇದ್ದಕ್ಕಿದ್ದಂತೆ, "ಅವಳೂ ಬರಲಿ, ಮಗುವೂ ಬರಲಿ. ಮೂವರೂ," ಎಂದರು. "ಚುನಾವಣೆಯಲ್ಲಿ ಇನ್ನು ಸೋಲುವುದಕ್ಕೆ ನನ್ನ ಹತ್ತಿರ ಏನೂ ಉಳಿದಿಲ್ಲ, ಮಾಸ್ಟರ್."

ನಾನೇ ಹೊಳೆ ದಾಟಿ ಹೋಗಿ ಕೆಂಪಮ್ಮನಿಗೆ ಹೇಳಿದೆ. ಅವಳು ಬಾಳೆಯ ಒಣಗಿದ ಎಲೆ ಸವರುತ್ತಿದ್ದಳು, ಕುಡುಗೋಲು ನಿಲ್ಲಿಸಲಿಲ್ಲ.

"ಆ ಊರಲ್ಲಿ ಹೊಳೆ ಅದಾ?"

"ಇದೆಯಂತೆ. ಸಣ್ಣದು."

"ನಂಗೆ ಸಮುದ್ರ ದಾಟಕ್ಕೆ ಭಯ, ಮೇಷ್ಟ್ರೇ. ಅಂಬಿಗರ ಮಗ್ಳು ನೀರಿಗೆ ಎದ್ರುತಾಳೆ ಅಂತ ನಗ್ಬ್ಯಾಡಿ. ಈ ಮಗೀನ ಅಲ್ಲಿ ಯಾರು ಏನಂತಾರೋ. ಆದ್ರೂ ಅವ್ರು ಓಯ್ತೀನಿ ಅಂದ್ರೆ ತಡೆಯಕಿಲ್ಲ. ಅವ್ರೇನೋ ರಾತ್ರಿ ಹಗಲು ಸುಮ್ಕೆ ಹೊಳೆ ನೋಡ್ಕಂಡು ಕೂತ್ಗತಾರೆ. ಓಗ್ಬೇಕು ಅಂತಾನೂ ಅನ್ನಕಿಲ್ಲ, ಬ್ಯಾಡ ಅಂತಾನೂ ಅನ್ನಕಿಲ್ಲ."

ಪಕ್ಕದಲ್ಲಿದ್ದ ನಿಂಗಯ್ಯ ಕೇಳಿದ. "ಅದಿರ್ಲಿ ಮೇಷ್ಟ್ರೇ. ಅಪ್ಪ ಸತ್ತಾಗ ಬಾವಂಗೆ ಪಾಲು ಏನ್ ಬಂತು?"

ಇಂಗ್ಲೆಂಡಿನ ಕ್ರಮ ಹೇಳಿದೆ. ಮನೆ, ಭೂಮಿ ಎಲ್ಲ ಹಿರಿಯ ಮಗನಿಗೆ. ಕಿರಿಯವನಿಗೆ ಹಡಗಿನ ಟಿಕೇಟು. ನಿಂಗಯ್ಯ ನಾನು ಕಥೆ ಕಟ್ಟುತ್ತಿದ್ದೇನೆಂದುಕೊಂಡ. ಅಲ್ಲವೆಂದು ತಿಳಿದ ಮೇಲೆ ಕೇರಿಯ ಯಜಮಾನ ಕಾಳಯ್ಯನ ಹತ್ತಿರ ಓಡಿದ. ಸಂಜೆಯೊಳಗೆ ಇಡೀ ಕೇರಿ ಸಣ್ಣ ದೊರೆಯನ್ನು ಕರುಣೆಯಿಂದ ನೋಡತೊಡಗಿತು. ಹನ್ನೊಂದು ಹಳ್ಳಿಯ ಒಡೆಯನ ತಮ್ಮ, ಒಂದು ಗುಂಟೆ ಪಾಲಿಲ್ಲದೆ ಬಂದು ನಮ್ಮ ಹೊಳೆ ಅಳೆಯುತ್ತಿದ್ದನಲ್ಲ. ಮುದುಕಿಯರು ಕಣ್ಣೊರೆಸಿಕೊಂಡರು.

ಕಾಳಯ್ಯನಿಗೆ ಎಂಬತ್ತಿರಬಹುದು. ಮರುದಿನ ಅರಳಿಕಟ್ಟೆಯ ಮೇಲೆ ದೊಡ್ಡ ದೊರೆಯನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ. "ಮೇಷ್ಟ್ರೇ, ಯೋಳಿ. ನಾವು ಬ್ಯಾಡ ಅನ್ನಲ್ಲ. ಆದ್ರೆ ಪಾಲಾಗ್ದಿರೋ ತಮ್ಮ ಅಣ್ಣನ ಮನೆಗೆ ಓದ್ರೆ ಆಳು. ಪಾಲಾಗಿ ಓದ್ರೆ ನೆಂಟ. ನಮ್ಮ ಹುಡ್ಗಿ ಆಳಿನ ಎಂಡ್ತಿಯಾಗಿ ಸಮುದ್ರ ದಾಟೋದು ಬ್ಯಾಡ. ಮೊದ್ಲು ಪಾಲು ಹಾಕ್ಲಿ. ಆಮೇಲೆ ಓಗೋದು ಬುಡೋದು ಅವನಿಷ್ಟ."

ನಾನು ಒಂದಕ್ಷರ ಬಿಡದೆ ಹೇಳಿದೆ. ದೊಡ್ಡ ದೊರೆ ಮೊದಲು ನಕ್ಕರು. ಭೂಮಿ ಒಡೆದರೆ ಮೂರು ತಲೆಮಾರಿನಲ್ಲಿ ಮನೆಯೇ ಉಳಿಯುವುದಿಲ್ಲ ಎಂದರು. ನಿಂಗಯ್ಯ ಕೂಡಲೇ, "ನಮ್ಮಲ್ಲಿ ಮನೆ ಉಳ್ದಿಲ್ಲ, ನಿಜ. ಇಪ್ಪತ್ತು ಗುಡ್ಲಾಗದೆ. ಎಲ್ಲಾದ್ರಲ್ಲೂ ಹೊಗೆ ಬತ್ತದೆ," ಎಂದ. ಅದನ್ನೂ ಹೇಳಿದೆ. ಅವರು ನಗು ನಿಲ್ಲಿಸಿ ಕೇರಿಯ ಕಡೆ ನೋಡಿದರು. ಅಡುಗೆಯ ಹೊತ್ತು. ಎಲ್ಲ ಸೂರಿನಿಂದಲೂ ಹೊಗೆ ಬರುತ್ತಿತ್ತು.

"ಭೂಮಿಯನ್ನು ನಾನು ಒಡೆಯಲಾರೆ, ಕಾನೂನು ಬಿಡುವುದಿಲ್ಲ," ಎಂದರು. "ಆದರೆ ತಂದೆಯ ಸಾಮಾನು ಟ್ರಂಕಿನಲ್ಲಿ ತಂದಿದ್ದೇನೆ. ಅದನ್ನು ಹಂಚಬಲ್ಲೆ. ಇವರ ಕ್ರಮ ಹೇಗೋ ಹಾಗೆ."

ಕ್ರಮ ಹೀಗೆ: ಹಿರಿಯವನು ಪಾಲು ಹಾಕಬೇಕು, ಕಿರಿಯವನು ಆರಿಸಬೇಕು. ಯಾವುದು ತನಗೆ ಬರುತ್ತದೋ ಗೊತ್ತಿಲ್ಲದ್ದರಿಂದ ಹಂಚುವವನು ಮೋಸ ಮಾಡಲಾರ. ಇದನ್ನು ಕೇಳಿ ದೊಡ್ಡ ದೊರೆ ಎರಡು ಸಲ ನನ್ನಿಂದ ಹೇಳಿಸಿದರು. ಹದಿನೆಂಟು ವರ್ಷ ಕಾನೂನು ಮಾಡುವ ಕಡೆ ಕೂತಿದ್ದರೂ ಇಷ್ಟು ಚೆನ್ನಾದದ್ದನ್ನು ಕೇಳಿರಲಿಲ್ಲವೆಂದರು.

ಮಾರನೆಯ ಬೆಳಗ್ಗೆ, ಬಂಗಲೆಯ ಜಗಲಿಯಲ್ಲೇ. ಹಿರಿಯವನ ಮನೆಯಲ್ಲೇ ಪಾಲಾಗಬೇಕು, ಇಲ್ಲಿ ಅವರಿಗೆ ಮನೆಯೆಂದರೆ ಅದೇ. ಕಂಬಳಿ ಹಾಸಿ ಎರಡು ಮೊರ ಇಟ್ಟರು. ಸಣ್ಣ ದೊರೆ ಏನೋ ಹೇಳಲು ಹೋದ.

"ಯಜಮಾನ್ರೇ, ನಾನೊಂದ್ಮಾತು..."

"ಸುಮ್ಕಿರಪ್ಪ ನೀನು. ಪಾಲುಗಾರ ಮೊರ ಮುಟ್ಟೋಗಂಟ ಬಾಯ್ ಬುಡಂಗಿಲ್ಲ," ಎಂದ ಕಾಳಯ್ಯ. ಹೀಗೆ ಎರಡೂ ಭಾಷೆ ಬಲ್ಲ ಇಬ್ಬರಲ್ಲಿ ಒಬ್ಬನ ಬಾಯಿ ಕಟ್ಟಿತು. ಉಳಿದವನು ನಾನು.

ದೊಡ್ಡ ದೊರೆ ಮಂಡಿಯೂರಿದರು. ಒಂದೊಂದನ್ನೂ ಎತ್ತಿ, ನೋಡಿ, ಒಂದು ಮೊರಕ್ಕೆ ಇಟ್ಟು, ಮತ್ತೆ ತೆಗೆದು ಇನ್ನೊಂದಕ್ಕೆ ಇಡುತ್ತಿದ್ದರು. ತಂದೆಯ ಗಡಿಯಾರ. ತಾಯಿಯ ಹೊಲಿಗೆಯ ಪೆಟ್ಟಿಗೆ. ಒಂದು ಚಾವಟಿ. ನಾಯಿಯೊಂದರ ಕೊರಳಪಟ್ಟಿ, ಅದನ್ನು ಎತ್ತಿದಾಗ ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಬೆಳ್ಳಿಯ ಚಮಚಗಳು. ಕೊನೆಗೆ ಸುರುಳಿ ಸುತ್ತಿದ ಒಂದು ನಕ್ಷೆ: ಅವರ ಹನ್ನೊಂದು ಹಳ್ಳಿ, ಮನೆ, ಕಾಡು, ಹಳ್ಳ. ನಕ್ಷೆ ಹಿಡಿದು ತುಂಬ ಹೊತ್ತು ಕೂತರು. ಗಡಿಯಾರ, ಬೆಳ್ಳಿ, ಪೆಟ್ಟಿಗೆ ಎಲ್ಲ ಒಂದು ಮೊರಕ್ಕೆ ಹಾಕಿ, ಇನ್ನೊಂದರಲ್ಲಿ ನಕ್ಷೆ ಮತ್ತು ಕೊರಳಪಟ್ಟಿ ಮಾತ್ರ ಇಟ್ಟರು.

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಕ್ಷೆ ಇರುವುದನ್ನು ಅವನು ತೆಗೆದುಕೊಂಡರೆ ಮನೆಗೆ ಬರುತ್ತಾನೆಂದು ಅರ್ಥ. ಅಲ್ಲವೇ?"

ನಾನು ಏನು ಹೇಳಿದೆ? ಇದನ್ನು ನಾನು ಮೂರು ಬಗೆಯಾಗಿ ನೆನಪಿಟ್ಟುಕೊಂಡಿದ್ದೇನೆ. ತಲೆಯಾಡಿಸಿದೆ. ಅಥವಾ ಆಡಿಸಲಿಲ್ಲ. ಅಥವಾ ಅವರು ಅದನ್ನು ಕೇಳಲೇ ಇಲ್ಲ, ಅವರ ಮುಖದಲ್ಲಿ ನಾನು ಓದಿಕೊಂಡೆ. ನನಗೆ ಗೊತ್ತಿದ್ದದ್ದು ಇಷ್ಟು: ನಮ್ಮಲ್ಲಿ ಪಾಲು ಮುಟ್ಟಿದ ತಮ್ಮ ಅಣ್ಣನ ಮನೆಗೆ ಸೇರುವುದಿಲ್ಲ, ಅಣ್ಣನ ಮನೆಯಿಂದ ಬಿಡಿಸಿಕೊಳ್ಳುತ್ತಾನೆ. ಅಂದಿನಿಂದ ಅವನ ಒಲೆ ಬೇರೆ, ಅವನನ್ನು ಕರೆಯುವ ಹಕ್ಕು ಅಣ್ಣನಿಗಿಲ್ಲ. ಕಾಳಯ್ಯ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ? ಹೇಳದ ಮಾತನ್ನು ನಾನು ಹೇಗೆ ತಿರುಗಿಸಲಿ?

ಸಣ್ಣ ದೊರೆ ಚೊಂಬಿನ ನೀರಿನಲ್ಲಿ ಕೈ ತೊಳೆದ. ಹಿಂದಿನಿಂದ ನಿಂಗಯ್ಯ ಪಿಸುಗುಟ್ಟಿದ್ದು ನನಗೂ ಕೇಳಿತು. "ಬಾವ, ನೆಲ ಇರೋದನ್ನ ಬುಡಬ್ಯಾಡ ಕಣೋ. ಗಡಿಯಾರ ಕೆಟ್ಟೋಯ್ತದೆ." ಕೆಂಪಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಕಣ್ಣು ಮೊರದ ಮೇಲಿರಲಿಲ್ಲ, ಗಂಡನ ಕೈ ಮೇಲಿತ್ತು.

ಅವನು ನಕ್ಷೆಯಿದ್ದ ಮೊರದ ಮೇಲೆ ಕೈಯಿಟ್ಟ.

ದೊಡ್ಡ ದೊರೆ ಎದ್ದು ತಮ್ಮನನ್ನು ತಬ್ಬಿಕೊಂಡರು. ಆ ಜನ ಹಾಗೆ ಮಾಡುವವರಲ್ಲ, ಅವರ ಕೈಗೆ ಅಭ್ಯಾಸವಿಲ್ಲದ್ದು ಕಾಣುತ್ತಿತ್ತು. ಕೇರಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅಣ್ಣನಿಗೆ ತಮ್ಮ ಸಿಕ್ಕಿದ. ಕೇರಿಗೆ ಅಳಿಯ ಉಳಿದ. ಒಂದೇ ಜಗಲಿಯ ಮೇಲೆ ಎರಡು ಸಂತೋಷ, ಒಂದಕ್ಕೊಂದು ಬೆನ್ನು ಹಾಕಿ ನಿಂತಂತೆ.

ಆಮೇಲೆ ಕೆಂಪಮ್ಮ ಬಂಗಲೆಯ ಹಿಂದಿನ ಅಡುಗೆಮನೆಗೆ ಹೋದಳು. ಒಲೆಯಿಂದ ಕೆಂಡ ತೆಗೆದು ಮಡಕೆಯ ಚೂರಿನಲ್ಲಿಟ್ಟು, ಮೇಲೆ ಬೂದಿ ಮುಚ್ಚಿ, ಹೊಳೆಯ ಕಡೆ ನಡೆದಳು. ಪಾಲಾದ ತಮ್ಮನ ಹೆಂಡತಿ ಹಿರಿಯರ ಒಲೆಯಿಂದ ಬೆಂಕಿ ಒಯ್ದು ತನ್ನ ಒಲೆ ಹೊತ್ತಿಸಬೇಕು. ಅಲ್ಲಿಗೆ ಬೇರೆಯಾದದ್ದು ಪೂರ್ತಿ.

"ಏನು ಮಾಡುತ್ತಿದ್ದಾಳೆ?" ದೊಡ್ಡ ದೊರೆ ಕೇಳಿದರು.

"ನಿಮ್ಮ ಒಲೆಯ ಬೆಂಕಿಯನ್ನು ತನ್ನ ಒಲೆಗೆ ಒಯ್ಯುತ್ತಿದ್ದಾಳೆ," ಎಂದೆ.

ಅದರಲ್ಲಿ ಸುಳ್ಳು ಒಂದಕ್ಷರವಿಲ್ಲ. ಅವರು ಟೋಪಿ ತೆಗೆದರು. ಅವಳು ಹರಿಗೋಲಿನಲ್ಲಿ ಕೂತು, ಕೆಂಡಕ್ಕೆ ಗಾಳಿ ತಾಗದಂತೆ ಸೆರಗು ಅಡ್ಡ ಹಿಡಿದು ದಾಟುವವರೆಗೆ ಬರಿತಲೆಯಲ್ಲಿ ನಿಂತಿದ್ದರು. ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಬರುತ್ತಿದ್ದರೆ ಕೆಂಡ ಉಳಿಯುತ್ತಿರಲಿಲ್ಲ.

ಯಾವಾಗ ಬರುತ್ತೀ ಎಂದು ಅಣ್ಣ ಕೇಳಿದ್ದಕ್ಕೆ ಸಣ್ಣ ದೊರೆ ಇಂಗ್ಲಿಷಿನಲ್ಲೇ, "ತೋಟದ ಕಡಿತ ಮುಗಿಯಲಿ," ಎಂದ. ನಾನು ಪಕ್ಕದಲ್ಲೇ ಇದ್ದೆ. ಗೋಧಿ ಬೆಳೆಯುವ ಊರಿನವರು ಅಣ್ಣ, ಕೊಯ್ಲು ಎಂದರೆ ಒಂದು ತಿಂಗಳ ಮಾತು ಅವರಿಗೆ. ಬಾಳೆ ಹಾಗಲ್ಲ. ಗೊನೆ ಕಡಿಯುವ ಹೊತ್ತಿಗೆ ಬುಡದಲ್ಲಿ ಕಂದು, ಅಂದರೆ ಮರಿ ಬಾಳೆ, ಮೊಳಕಾಲೆತ್ತರ ಬಂದಿರುತ್ತದೆ. ಅದು ಗೊನೆ ಹಾಕುವ ಹೊತ್ತಿಗೆ ಇನ್ನೊಂದು. ಹಾಗೆಂದು ಎಲ್ಲ ಬಾಳೆಗಾರರೂ ತೋಟಕ್ಕೆ ಕಟ್ಟುಬಿದ್ದವರೆಂದಲ್ಲ. ಬಿಡಬೇಕೆಂದರೆ ಕಂದು ಕಿತ್ತು ಬಿಟ್ಟು ಹೋಗುತ್ತಾರೆ.

ಹೊಳೆ ಇಳಿದ ಮೇಲೆ ದೊಡ್ಡ ದೊರೆ ಹೊರಟರು. ನಂಜನಗೂಡಿನ ನಿಲ್ದಾಣದಲ್ಲಿ ರೈಲು ಕದಲಿದಾಗ ಸಣ್ಣ ದೊರೆ ಪ್ಲಾಟ್‌ಫಾರಮಿನ ತುದಿಯಲ್ಲಿ, ತಲೆಯ ವಸ್ತ್ರ ಬಿಚ್ಚಿ ಬೀಸುತ್ತ ನಿಂತಿದ್ದನೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಬಹಳ ವರ್ಷದ ಮೇಲೆ ನಿಂಗಯ್ಯ ಸಿಕ್ಕಿ, "ಬಾವ ಆವತ್ತು ನಂಜನಗೂಡಿಗೆ ಬಂದೇ ಇರ್ನಿಲ್ಲ, ನಮ್ಜೊತೆ ಗೊಬ್ರ ಹೊಡೀತಿದ್ರಲ್ಲ ಮೇಷ್ಟ್ರೇ," ಎಂದ. ಅಣ್ಣ ತಮ್ಮಂದಿರ ಹಳೆಯ ಜಗಳಕ್ಕೆ ತಕ್ಕ ಉತ್ತರದಂತೆ ಆ ಚಿತ್ರ ಅಷ್ಟು ಚೆನ್ನಾಗಿ ಕೂಡಿಕೊಂಡಿರುವುದರಿಂದ ನಾನು ನಿಂಗಯ್ಯನನ್ನೇ ನಂಬುತ್ತೇನೆ.

ಮುಂದಿನ ವರ್ಷ ಶಾಲೆಯ ವಿಳಾಸಕ್ಕೆ ದೊಡ್ಡ ದೊರೆಯ ಕಾಗದ ಬಂತು. ತಮ್ಮನಿಗೂ ಬರೆದಿದ್ದರಂತೆ, ಅವನು ಹಣ್ಣಿನ ವಿಚಾರ ಮಾತ್ರ ಉತ್ತರಿಸಿದನಂತೆ. ಮುಂದೆ ಬರೆದಿದ್ದರು: ಮನೆಯ ಪೂರ್ವದ ಕೋಣೆಗಳಿಗೆ ಸುಣ್ಣ ಬಳಿಸಿದ್ದೇನೆ, ಆರ್ಥರ್ ಬರುತ್ತಾನೆಂದು ಸುಗ್ಗಿಯ ಊಟದಲ್ಲಿ ಒಕ್ಕಲುಗಳಿಗೆ ತಿಳಿಸಿದ್ದೇನೆ, ಗಾಜಿನ ಮನೆಯೊಂದರಲ್ಲಿ ಬಾಳೆಯ ಗಿಡ ತರಿಸಿ ನೆಟ್ಟಿದ್ದೇನೆ, ಕೆಂಪಮ್ಮನಿಗೆ ಬೇಸರವಾಗಬಾರದಲ್ಲ. ಒಲೆಯ ಕೆಂಡವನ್ನು ದಿನವೂ ನೆನೆಯುತ್ತೇನೆ. ತೋಟದ ಕಡಿತ ಮುಗಿಯಿತೇ?

ಇನ್ನೂ ಮುಗಿದಿಲ್ಲ ಎಂದು ಬರೆದೆ. ಅದೂ ನಿಜವೇ. ಎರಡನೆಯ ಕಾಗದಕ್ಕೂ ಅದನ್ನೇ ಬರೆದೆ. ಮೂರನೆಯದರಲ್ಲಿ ಅವರು ತೋಟದ ವಿಚಾರ ಕೇಳಿರಲಿಲ್ಲ. ಗೌರಿ ಎಷ್ಟು ಎತ್ತರವಾಗಿದ್ದಾಳೆ, ಒಂದು ದಾರ ಅಳೆದು ಕಳಿಸಿ ಎಂದಿದ್ದರು. ದಾರ ಕಳಿಸಿದೆ. ಆಮೇಲೆ ಯಾವ ಕಾಗದವೂ ಬರಲಿಲ್ಲ. ಸಣ್ಣ ದೊರೆ ಸಮುದ್ರ ದಾಟಿ ಹೋಗಲಿಲ್ಲ. ಹತ್ತು ವರ್ಷದ ನಂತರ ಆ ತೋಟದಲ್ಲೇ ಸತ್ತ. ಆಗ ನಾನು ಬೇರೆ ಊರಿಗೆ ವರ್ಗವಾಗಿದ್ದೆ.

ಹೋದ ತಿಂಗಳು ಬಸ್ಸಿಳಿದು, ಮದುವೆಮನೆಗೆ ಹೋಗಬೇಕಾದವನು ಅಂಬಿಗರ ಕೇರಿಗೆ ಹೋದೆ. ಈಗ ಸೇತುವೆ ಇದೆ. ಗೌರಮ್ಮನಿಗೆ ಕೂದಲು ನರೆತಿದೆ, ಕಣ್ಣು ಹಾಗೆಯೇ ಬೂದುಬಣ್ಣ. ನನಗೆ ನೀರು ಕೊಟ್ಟಳು, ಕುಡಿದೆ.

"ಅಪ್ಪ ಓಗ್ಬೇಕು ಅಂತಿದ್ರಾ ಮೇಷ್ಟ್ರೇ?" ಎಂದು ಅವಳೇ ನನ್ನನ್ನು ಕೇಳಿದಳು. ನಾನು ಕೇಳಲು ಬಂದದ್ದೂ ಅದನ್ನೇ.

ಪೆಟ್ಟಿಗೆಯಿಂದ ನಕ್ಷೆ ತೆಗೆದು ತೋರಿಸಿದಳು. ಮಡಿಕೆಗಳಲ್ಲಿ ಹರಿದಿದೆ. ದೊಡ್ಡ ಮನೆಯ ಹಿಂದೆ, 'ಅಣೆಕಟ್ಟೆಯ ಬಳಿಯ ಮನೆ' ಎಂದು ಇಂಗ್ಲಿಷಿನಲ್ಲಿ ಬರೆದಿರುವ ಒಂದು ಸಣ್ಣ ಚೌಕದ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಎಳೆದಿದೆ. ತಮ್ಮನ ಸಂಸಾರಕ್ಕೆಂದು ದೊಡ್ಡ ದೊರೆ ಪಾಲಿಗೆ ಮುಂಚೆಯೇ ಗುರುತಿಟ್ಟಿದ್ದರೋ, ಅಥವಾ ಆ ಹತ್ತು ವರ್ಷದಲ್ಲಿ ಯಾವತ್ತೋ ಸಣ್ಣ ದೊರೆ ಕೂತು ಎಳೆದನೋ. ಅವನಿಗೆ ಎರಡೂ ಕ್ರಮ ಗೊತ್ತಿತ್ತು. ಮೊರ ಮುಟ್ಟಿದಾಗ ಯಾವುದರ ಪ್ರಕಾರ ಮುಟ್ಟಿದ ಎಂದು ನಾನು ಒಂದು ದಿನವೂ ಕೇಳಲಿಲ್ಲ, ಕೇಳಬಹುದಾಗಿದ್ದ ದಿನಗಳು ಬೇಕಾದಷ್ಟಿದ್ದವು. ಅವನ ಅಣ್ಣನಿಗೆ ಆ ಪಾಲಿನ ಅರ್ಥವನ್ನು ಯಾರಾದರೂ ಕೊನೆಗೆ ತಿಳಿಸಿ ಹೇಳಿದರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ನಾನು ಹೇಳಲಿಲ್ಲ.